ತಲೆಯಲ್ಲಿದ್ದ ಮನೆ ಈಗ ಗೋಡೆಯ ಮೇಲಿದೆ

ನಾನು ಮೈಸೂರಿನವಳು. ನಂಜನಗೂಡಿನ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರ್. ಮನೆಯಲ್ಲಿ ಯಜಮಾನರು, ಅತ್ತೆ, ಒಂಬತ್ತನೇ ಕ್ಲಾಸಿನ ಮಗಳು, ನಾಲ್ಕನೇ ಕ್ಲಾಸಿನ ಮಗ. ಬೆಳಗ್ಗೆ ಎಂಟೂಕಾಲಿಗೆ ಮನೆ ಬಿಟ್ಟರೆ ವಾಪಸ್ ಬರುವಷ್ಟರಲ್ಲಿ ಸಂಜೆ ಆರು. "ಮೇಡಂ, ಇದನ್ನೆಲ್ಲ ಹೇಗೆ ಸಂಭಾಳಿಸ್ತೀರಾ?" ಎಂದು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಸ್ಟಾಫ್ ರೂಮಿನಲ್ಲಿ ಕೇಳುತ್ತಿರುತ್ತಾರೆ. ಅವರಿಗೆ ಹೇಳುವುದನ್ನೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಬೆಳಗಿನ ಜಾವ ನಾಲ್ಕಕ್ಕೆ ಎದ್ದರೆ ಎಲ್ಲ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ದಿನವಿಡೀ ನಿಂತು ಪಾಠ ಮಾಡುವ ಹೆಂಗಸಿಗೆ ನಿದ್ದೆ ಬೇಕು. ನಾನು ಏಳುವುದು ಐದೂಮುಕ್ಕಾಲಿಗೆ. ನಮ್ಮನ್ನು ಸುಸ್ತು ಮಾಡುವುದು ಕೆಲಸಕ್ಕಿಂತ ಜಾಸ್ತಿ, ಕೆಲಸವನ್ನು ನೆನಪಿಟ್ಟುಕೊಳ್ಳುವುದು. ಹಾಲು ಎಷ್ಟು ಬಂತು, ಗ್ಯಾಸ್ ಯಾವಾಗ ಹಚ್ಚಿದ್ದು, ಮಗನ ಫೀಸಿಗೆ ಕೊನೇ ದಿನ ಯಾವತ್ತು, ಅತ್ತೆಯ ಬಿಪಿ ಮಾತ್ರೆ ಇನ್ನೆಷ್ಟಿದೆ, ನಾಳೆ ತಿಂಡಿ ಏನು. ಇಷ್ಟೂ ಒಬ್ಬಳ ತಲೆಯಲ್ಲಿದ್ದರೆ ಎಷ್ಟು ಬೇಗ ಎದ್ದರೂ ಸಾಲದು. ಹಾಗಾಗಿ ನಾನು ರೂಢಿ ಮಾಡಿಕೊಂಡದ್ದೆಲ್ಲ ಒಂದೇ ದಿಕ್ಕಿನದು: ನೆನಪನ್ನು ತಲೆಯಿಂದ ಇಳಿಸಿ, ಮನೆಯವರೆಲ್ಲರ ಕಣ್ಣಿಗೆ ಬೀಳುವ ಕಡೆ ಇಡುವುದು.

ಇಟ್ಟದ್ದು ಎಲ್ಲಿ ಅಂದರೆ, ಕ್ಯಾಲೆಂಡರಿನ ಮೇಲೆ. ನಮ್ಮಲ್ಲಿ ಮೊದಲಿಂದಲೂ ಬೆಂಗಳೂರು ಪ್ರೆಸ್ ಕ್ಯಾಲೆಂಡರೇ. ಅಮಾವಾಸ್ಯೆ, ಹುಣ್ಣಿಮೆ, ರಾಹುಕಾಲ, ಹಬ್ಬ ಎಲ್ಲ ಅದರಲ್ಲಿ ಇರುವುದರಿಂದ ಅತ್ತೆ ದಿನಾ ನೋಡುತ್ತಾರೆ. ಅವರು ಹೇಗೂ ನೋಡುವ ಜಾಗ ಅದು, ಹೊಸ ಅಭ್ಯಾಸ ಯಾರಿಗೂ ಬೇಕಾಗಲಿಲ್ಲ. ಅಡುಗೆಮನೆ ಬಾಗಿಲ ಪಕ್ಕ ಅದನ್ನು ತೂಗುಹಾಕಿದ್ದೇವೆ. ಮೊಳೆಗೆ ದಾರ ಕಟ್ಟಿ ಒಂದು ಪೆನ್ನು. ದಾರ ಮುಖ್ಯ. ದಾರ ಇಲ್ಲದಿದ್ದರೆ ಪೆನ್ನು ಮಕ್ಕಳ ಬ್ಯಾಗಿಗೆ ಹೋಗುತ್ತದೆ, ಪೆನ್ನು ಹುಡುಕುವಷ್ಟರಲ್ಲಿ ಬರೆಯಬೇಕಾದದ್ದು ಮರೆತಿರುತ್ತದೆ.

ಏನು ಬರೆಯುತ್ತೇವೆ ಅಂತ ಹತ್ತಿರದಿಂದ ತೋರಿಸುತ್ತೇನೆ. ಹಾಲು ದಿನಕ್ಕೆ ಒಂದೂವರೆ ಲೀಟರ್ ಮಾಮೂಲಿ, ಅದನ್ನು ಬರೆಯುವುದಿಲ್ಲ. ಅರ್ಧ ಲೀಟರ್ ಜಾಸ್ತಿ ತೆಗೆದುಕೊಂಡ ದಿನ ಚೌಕದ ಮೂಲೆಯಲ್ಲಿ ಕೂಡಿಸುವ ಗುರುತು, ಬೇಡ ಅಂದ ದಿನ ಸೊನ್ನೆ. ತಿಂಗಳ ಕೊನೆಗೆ ಹಾಲಿನವರ ಲೆಕ್ಕ ನಿಂತಲ್ಲೇ ಮುಗಿಯುತ್ತದೆ. ಹೊಸ ಸಿಲಿಂಡರ್ ಹಚ್ಚಿದ ದಿನ 'ಗ್ಯಾ' ಎಂದು ಒಂದೇ ಅಕ್ಷರ. ನಮ್ಮ ಐದು ಜನರ ಮನೆಗೆ 14.2 ಕೆ.ಜಿ.ಯ ಸಿಲಿಂಡರ್ ಸುಮಾರು ಒಂದೂಕಾಲು ತಿಂಗಳು ಬರುತ್ತದೆ, ಹಬ್ಬ ಇದ್ದರೆ ಇನ್ನೂ ಕಡಿಮೆ. ಆ ಅಕ್ಷರ ನೋಡಿದರೆ ಮುಂದಿನದು ಯಾವಾಗ ಬುಕ್ ಮಾಡಬೇಕು ಅಂತ ಯಾರಿಗಾದರೂ ಗೊತ್ತಾಗುತ್ತದೆ. ಫೀಸು, ಕರೆಂಟ್ ಬಿಲ್ಲು, ಪೇರೆಂಟ್ಸ್ ಮೀಟಿಂಗು, ಮದುವೆ ಮುಂಜಿ, ಇವೆಲ್ಲ ಆಯಾ ದಿನಕ್ಕೆ ಮಾತ್ರ ಅಲ್ಲ, ಮೂರು ದಿನ ಮುಂಚೆಯ ಚೌಕದಲ್ಲೂ ಇರುತ್ತವೆ. ಆ ದಿನದ ಚೌಕದಲ್ಲಷ್ಟೇ ಬರೆದರೆ ನೋಡುವ ಹೊತ್ತಿಗೆ ಕಾಲ ಮೀರಿರುತ್ತದೆ ಅಲ್ವಾ.

ಫೋನಿನಲ್ಲೂ ಕ್ಯಾಲೆಂಡರ್ ಇದೆಯಲ್ಲ ಎಂದು ಮಗಳು ಕೇಳಿದಳು. ಇದೆ. ಆದರೆ ನನ್ನ ಫೋನಿನಲ್ಲಿ ಇರುವುದು ನನಗೆ ಮಾತ್ರ ಕಾಣುತ್ತದೆ, ಗೋಡೆಯ ಮೇಲಿರುವುದು ಎಲ್ಲರಿಗೂ ಕಾಣುತ್ತದೆ. ನನಗೆ ಬೇಕಾದದ್ದು ಎರಡನೆಯದು.

ಎಲ್ಲರಿಗೂ ಕಂಡ ಮೇಲೆ ಬದಲಾವಣೆ ತಾನಾಗಿ ಬಂತು ಎಂದು ಹೇಳಲಾರೆ. ಅದಕ್ಕೆ ಕೂತು ಮಾತಾಡಬೇಕಾಯಿತು. ನಮ್ಮ ಯಜಮಾನರು ಒಳ್ಳೆಯ ಮನುಷ್ಯ, ಕೆಲಸಕ್ಕೆ ಹಿಂಜರಿಯುವವರಲ್ಲ. ಅವರ ಮಾತು ಯಾವಾಗಲೂ ಒಂದೇ: "ನೀನು ಹೇಳಿದ್ದಿದ್ರೆ ನಾನೇ ಮಾಡ್ತಿದ್ನಲ್ಲ." ಒಂದು ಭಾನುವಾರ ಕಾಫಿ ಕುಡಿಯುತ್ತಾ ಹೇಳಿದೆ, "ರೀ, ಹೇಳೋದೇ ಒಂದು ಕೆಲಸ. ಯಾವಾಗ ಹೇಳಬೇಕು ಅಂತ ನೆನಪಿಟ್ಕೊಳ್ಳೋದು ಇನ್ನೊಂದು ಕೆಲಸ. ಹೇಳಿದ್ದು ಆಯ್ತಾ ಅಂತ ನೋಡೋದು ಮೂರನೇದು." ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಪೂರ್ತಿ ನನಗೇ ಬಿಡು" ಅಂದರು.

ಈ ಮಾತನ್ನು ಅಮೆರಿಕದ ಸಮಾಜಶಾಸ್ತ್ರಜ್ಞೆ ಆಲಿಸನ್ ಡಾಮಿಂಜರ್ 2019ರ ಒಂದು ಅಧ್ಯಯನದಲ್ಲಿ ಬಿಡಿಸಿ ಇಟ್ಟಿದ್ದಾರೆ. ಮನೆಯ ವಿಷಯದಲ್ಲಿ ತಲೆ ಓಡಿಸುವ ಕೆಲಸಕ್ಕೆ ನಾಲ್ಕು ಹಂತ: ಏನು ಬೇಕಾಗಬಹುದು ಎಂದು ಮುಂಚೆಯೇ ಊಹಿಸುವುದು, ಯಾವ ಯಾವ ದಾರಿ ಇದೆ ಎಂದು ಹುಡುಕುವುದು, ತೀರ್ಮಾನ ಮಾಡುವುದು, ಕೊನೆಗೆ ಅದು ಆಯಿತೋ ಇಲ್ಲವೋ ಎಂದು ಗಮನಿಸುವುದು. ತೀರ್ಮಾನ ಮಾಡುವಾಗ ಗಂಡ ಹೆಂಡತಿ ಇಬ್ಬರೂ ಇರುತ್ತಾರಂತೆ, ಮೊದಲನೆಯದು ಮತ್ತು ಕೊನೆಯದು ಹೆಚ್ಚಾಗಿ ಹೆಂಗಸಿನ ಪಾಲಿಗೆ ಬರುತ್ತವಂತೆ. ಓದಿದಾಗ ನಮ್ಮ ಮನೆಯನ್ನೇ ನೋಡಿ ಬರೆದ ಹಾಗಿತ್ತು. ನಮ್ಮ ದೇಶದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಅದನ್ನು ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಮನೆಯ ಲೆಕ್ಕ ಹಾಕುವ ಹೊತ್ತು ಯಾರ ಲೆಕ್ಕಕ್ಕೂ ಸಿಗುವುದಿಲ್ಲ, ಅದು ಬರೀ ಪ್ರಯಾಣ ಅನ್ನಿಸಿಕೊಳ್ಳುತ್ತದೆ.

ಅದಕ್ಕೇ ನಮ್ಮ ಮನೆಯಲ್ಲಿ ಕೆಲಸ ಹಂಚುವುದಿಲ್ಲ, ಕೆಲಸದ ಜವಾಬ್ದಾರಿಯನ್ನು ಪೂರ್ತಿ ಕೊಡುತ್ತೇವೆ. ಗ್ಯಾಸ್ ಯಜಮಾನರದು: ಕ್ಯಾಲೆಂಡರ್ ನೋಡುವುದು, ಬುಕ್ ಮಾಡುವುದು, ದುಡ್ಡು ಕೊಡುವುದು, 'ಗ್ಯಾ' ಬರೆಯುವುದು ಎಲ್ಲ. ನಾನು "ಬುಕ್ ಮಾಡಿದ್ರಾ?" ಎಂದು ಕೇಳಬಾರದು, ಇದು ಕರಾರು. ಕೇಳಿದರೆ ಕೆಲಸ ಮತ್ತೆ ನನ್ನ ತಲೆಗೆ ಬಂದ ಹಾಗೆಯೇ. ಅತ್ತೆಯ ಮಾತ್ರೆ ಅತ್ತೆಯದೇ. ವಾರದ ಏಳು ಖಾನೆ ಇರುವ ಡಬ್ಬಿಯನ್ನು ಭಾನುವಾರ ಅವರೇ ತುಂಬಿಸಿಕೊಳ್ಳುತ್ತಾರೆ. ಸ್ಟ್ರಿಪ್ಪಿನಲ್ಲಿ ಒಂದು ವಾರದಷ್ಟು ಮಾತ್ರೆ ಉಳಿದಾಗ ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ. "ನನ್ನ ಮಾತ್ರೆ ಬಗ್ಗೆ ನೀನು ಯೋಚನೆ ಮಾಡ್ಬೇಡಮ್ಮ" ಅಂತ ಅವರು ಅಂದ ದಿನ ನನಗೆ ತುಂಬಾ ಸಮಾಧಾನ ಆಯಿತು. ನೀರಿನ ಬಾಟಲಿಗಳು ಮಗಳದು. ಶೂ, ಸಾಕ್ಸು, ಬೆಲ್ಟು, ಐಡಿ ಕಾರ್ಡು ಒಂದೇ ಕಡೆ ಇಡುವುದು ಮಗನದು.

ಇನ್ನು ರಾತ್ರಿಯ ವಿಷಯ. ಊಟ ಆಗಿ ಪಾತ್ರೆ ತೊಳೆದ ಮೇಲೆ ಹದಿನೈದು ನಿಮಿಷ ನಾಳೆಗೆ ಕೊಡುತ್ತೇನೆ. ಟಿವಿ ಹಚ್ಚುವುದು ಆಮೇಲೆ. ಬೆಳಗಿನ ತಿಂಡಿಗೆ ಏನು ಬೇಕೋ ಅದೆಲ್ಲ ಒಲೆಯ ಪಕ್ಕಕ್ಕೆ ಬರುತ್ತದೆ: ಒಗ್ಗರಣೆ ಡಬ್ಬಿ, ಬಾಣಲೆ, ಅಳತೆ ಲೋಟ. ಕುಕ್ಕರಿಗೆ ಬೇಳೆ ಅಳೆದು ಮುಚ್ಚಿಡುತ್ತೇನೆ, ಬೆಳಗ್ಗೆ ತೊಳೆದು ನೀರು ಹಾಕುವುದಷ್ಟೇ ಬಾಕಿ. ಡಬ್ಬಿಗಳು, ಅವುಗಳ ಮುಚ್ಚಳ, ಸ್ಪೂನು ಸಾಲಾಗಿ. ಸೀರೆ, ಅದಕ್ಕೆ ಬ್ಲೌಸು, ಪಿನ್ನು ಒಂದೇ ಹ್ಯಾಂಗರಿಗೆ. ಬ್ಯಾಗು ಬಾಗಿಲ ಹಿಂದಿನ ಕೊಕ್ಕೆಗೆ. ಅದರ ಮುಂದಿನ ಜಿಪ್ಪಿನಲ್ಲಿ ಆಧಾರ್ ಕಾರ್ಡು, ಮನೆ ಬೀಗದ ಕೈ, ಸ್ವಲ್ಪ ಚಿಲ್ಲರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನಲ್ಲಿ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ತೆಗೆದುಕೊಳ್ಳಬೇಕು. ನಿಂತುಕೊಂಡು ಹೋಗುವ ರಶ್ಶಿನಲ್ಲಿ ಬ್ಯಾಗೆಲ್ಲ ತಡಕಾಡಲು ಆಗುವುದಿಲ್ಲ, ಕೈ ಹಾಕಿದ ಕಡೆ ಕಾರ್ಡು ಸಿಗಬೇಕು.

ತಿಂಡಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಏಕೆಂದರೆ ನನ್ನ ಬೆಳಗನ್ನು ಹಗುರ ಮಾಡಿದ್ದು ಇದೇ. ನಮ್ಮ ಮನೆಯಲ್ಲಿ ತಿಂಡಿಗೆ ವಾರ ಗೊತ್ತು ಮಾಡಿದ್ದೇವೆ. ಶನಿವಾರ ಮಧ್ಯಾಹ್ನ ಮೂರು ಲೋಟ ಅಕ್ಕಿ, ಒಂದು ಲೋಟ ಉದ್ದು, ಒಂದು ಚಮಚ ಮೆಂತ್ಯ ನೆನೆಸಿ ಸಂಜೆ ರುಬ್ಬುತ್ತೇನೆ. ಭಾನುವಾರ, ಸೋಮವಾರ ದೋಸೆ. ಮಂಗಳವಾರ ಉಪ್ಪಿಟ್ಟು. ಬುಧವಾರ, ಫ್ರಿಜ್ಜಿನಲ್ಲಿ ಉಳಿದ ಹಿಟ್ಟು ಸ್ವಲ್ಪ ಹುಳಿ ಬಂದಿರುತ್ತದೆ, ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಹಾಕಿ ಪಡ್ಡು. ಗುರುವಾರ ಚಿತ್ರಾನ್ನ. ಶುಕ್ರವಾರ ಅವಲಕ್ಕಿ. ಬೇಸರ ಆಗಲ್ವಾ ಎಂದು ಕೇಳುತ್ತಾರೆ. ಮಕ್ಕಳಿಗೆ ಇಷ್ಟ, ಬುಧವಾರಕ್ಕೆ ಕಾಯುತ್ತಾರೆ. ಪಲ್ಯ, ಸಾರು ಮಾತ್ರ ತರಕಾರಿ ನೋಡಿ ಬದಲಾಗುತ್ತಿರುತ್ತದೆ.

ತರಕಾರಿ ಎಲ್ಲವನ್ನೂ ಹೆಚ್ಚಿಡಬೇಡಿ. ಹುರುಳಿಕಾಯಿ, ಕ್ಯಾರೆಟ್, ಕೋಸು ಎರಡು ದಿನ ಚೆನ್ನಾಗಿರುತ್ತವೆ. ಬದನೆಕಾಯಿ, ಆಲೂಗೆಡ್ಡೆ ಕಪ್ಪಾಗುತ್ತವೆ, ಅವು ಆಗಲೇ ಆಗಬೇಕು. ಸೊಪ್ಪನ್ನು ತೊಳೆಯದೆ, ಬೇರು ಕತ್ತರಿಸಿ, ಒಣ ಬಟ್ಟೆಯಲ್ಲಿ ಸುತ್ತಿಟ್ಟರೆ ಬಾಳುತ್ತದೆ. ತೆಂಗಿನಕಾಯಿ ಎರಡು ಮೂರು ಒಟ್ಟಿಗೆ ತುರಿದು, ಒಂದು ದಿನಕ್ಕೆ ಬೇಕಾದಷ್ಟನ್ನು ಚಿಕ್ಕ ಚಿಕ್ಕ ಡಬ್ಬಿಯಲ್ಲಿ ಫ್ರೀಜರಿಗೆ ಹಾಕುತ್ತೇನೆ. ದೊಡ್ಡ ಡಬ್ಬಿಯಲ್ಲಿ ಇಟ್ಟರೆ ಕಲ್ಲಿನ ಹಾಗೆ ಗಟ್ಟಿಯಾಗಿ, ಬೆಳಗ್ಗೆ ಅದನ್ನು ಒಡೆಯುವುದೇ ಕೆಲಸ.

ಶಾಲೆಯಲ್ಲಿ ಪಾಲಿಸುವುದು ಎರಡೇ. ಟೆಸ್ಟಿನ ಪೇಪರುಗಳನ್ನು ಮನೆಗೆ ತರುವುದಿಲ್ಲ. ಪ್ರತಿ ಫ್ರೀ ಪೀರಿಯಡ್ಡಿನಲ್ಲಿ ಹತ್ತು ಪೇಪರು ತಿದ್ದಿ ರಬ್ಬರ್ ಬ್ಯಾಂಡ್ ಹಾಕುತ್ತೇನೆ, ಬೆಲ್ ಆದರೆ ಮುಚ್ಚಿಡುತ್ತೇನೆ. ಮಾರ್ಚಿನಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಹೊತ್ತಿಗೆ ಮಾತ್ರ ಇದು ನಡೆಯುವುದಿಲ್ಲ, ಆಗ ಮನೆಯವರಿಗೆ ಮೊದಲೇ ಹೇಳಿರುತ್ತೇನೆ. ಎರಡನೆಯದು, ತುರ್ತಾಗಿ ಮಾಹಿತಿ ಕಳಿಸಿ ಎಂದು ಆಗಾಗ ಕೇಳುವ ಅಂಕಿಗಳು: ಗಂಡು ಮಕ್ಕಳೆಷ್ಟು, ಹೆಣ್ಣು ಮಕ್ಕಳೆಷ್ಟು, ವರ್ಗವಾರು ಎಷ್ಟು, ಹಾಸ್ಟೆಲಿನವರೆಷ್ಟು. ಇವನ್ನು ಒಂದೇ ಹಾಳೆಯಲ್ಲಿ ಬರೆದು ಡೈರಿಯ ಮೊದಲ ಪುಟಕ್ಕೆ ಅಂಟಿಸಿದ್ದೇನೆ. ಮಗು ಸೇರಿದರೆ, ಟಿಸಿ ತೆಗೆದುಕೊಂಡು ಹೋದರೆ ಅವತ್ತೇ ಪೆನ್ಸಿಲಿನಲ್ಲಿ ತಿದ್ದುತ್ತೇನೆ. ವಾಟ್ಸ್ಆ್ಯಪ್ ಗ್ರೂಪುಗಳನ್ನು ಮಧ್ಯಾಹ್ನ ಊಟದ ಹೊತ್ತು ಒಮ್ಮೆ, ಸಂಜೆ ಬಸ್ಸಿನಲ್ಲಿ ಒಮ್ಮೆ ನೋಡುತ್ತೇನೆ. ರಾತ್ರಿ ನೋಡುವುದಿಲ್ಲ. ನಿಜವಾಗಿ ತುರ್ತು ಇದ್ದವರು ಫೋನ್ ಮಾಡುತ್ತಾರೆ.

ಇನ್ನೊಂದು ಮಾತು, ಇದನ್ನು ನಾನು ಹೊಸ ಟೀಚರ್‌ಗಳಿಗೆ ಒತ್ತಿ ಹೇಳುತ್ತೇನೆ. ಕ್ಯಾಲೆಂಡರಿನಲ್ಲಿ ನಿಮ್ಮದೂ ಏನಾದರೂ ಬರೆಯಿರಿ. ಮೊದಲು ನಮ್ಮ ಕ್ಯಾಲೆಂಡರಿನಲ್ಲಿ ಮಕ್ಕಳ ಲಸಿಕೆ, ಅತ್ತೆಯ ಕಣ್ಣಿನ ಡಾಕ್ಟರು, ಯಜಮಾನರ ಗಾಡಿ ಸರ್ವಿಸ್ಸು ಎಲ್ಲ ಇರುತ್ತಿತ್ತು, ನನ್ನದು ಒಂದೂ ಇರುತ್ತಿರಲಿಲ್ಲ. ಈಗ ನನ್ನ ಥೈರಾಯ್ಡ್ ಟೆಸ್ಟಿನ ತಾರೀಖು ಕೆಂಪು ಇಂಕಿನಲ್ಲಿದೆ. ತಿಂಗಳಲ್ಲಿ ಒಂದು ಭಾನುವಾರ ಸಂಜೆ ಗೆಳತಿಯರ ಜೊತೆ ಕುಕ್ಕರಹಳ್ಳಿ ಕೆರೆಯ ಸುತ್ತ ವಾಕಿಂಗು, ಅದೂ ಇದೆ. ಬರೆದದ್ದಕ್ಕೆ ಮನೆಯವರು ಜಾಗ ಬಿಡುತ್ತಾರೆ. ಬರೆಯದೆ ಮನಸ್ಸಿನಲ್ಲೇ ಇಟ್ಟುಕೊಂಡರೆ ಆ ಸಂಜೆಗೆ ಯಾರೋ ನೆಂಟರು ಬರುತ್ತಾರೆ.

ಶನಿವಾರದ ಕಥೆ ಬೇರೆ. ಅವತ್ತು ಬೆಳಗಿನ ಶಾಲೆ, ಆರೂಮುಕ್ಕಾಲಿಗೆಲ್ಲ ನಾನು ಬಸ್ ಸ್ಟ್ಯಾಂಡಿನಲ್ಲಿರಬೇಕು. ಶುಕ್ರವಾರ ರಾತ್ರಿ ನನ್ನ ಬ್ಯಾಗು, ಸೀರೆ ಮಾತ್ರ ತಯಾರು ಮಾಡಿಕೊಳ್ಳುತ್ತೇನೆ. ಶನಿವಾರದ ತಿಂಡಿ ಪೂರ್ತಿ ಯಜಮಾನರದು. ಅಕ್ಕಿರೊಟ್ಟಿಯೋ, ಸೇಮಿಗೆಯೋ, ಅವರೇ ಯೋಚಿಸಿ ಅವರೇ ಮಾಡುತ್ತಾರೆ. ನನ್ನ ಪಾಲಿನದು ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟಿರುತ್ತಾರೆ. ಮಧ್ಯಾಹ್ನ ಬರುವಾಗ ದೇವರಾಜ ಮಾರುಕಟ್ಟೆಯಲ್ಲಿ ಇಳಿದು ವಾರದ ತರಕಾರಿ ತಂದು, ಡಬ್ಬಿಯ ತಿಂಡಿಯನ್ನು ಬಿಸಿ ಮಾಡಿಕೊಂಡು ತಿಂದು, ಅಕ್ಕಿ ನೆನೆಹಾಕುತ್ತೇನೆ.