ವ್ಯಸನ ತಡೆ ಕಾರ್ಯಕರ್ತರ ತರಬೇತಿ: ಭಾಷಣ ಬಿಡಿಸುವುದೇ ಮೊದಲ ಪಾಠ

ಅಂತರರಾಷ್ಟ್ರೀಯ ಮಾದಕವಸ್ತು ವಿರೋಧಿ ದಿನವಾದ ಜೂನ್ 26 ಹತ್ತಿರವಾಯಿತೆಂದರೆ ನಮ್ಮ ಪ್ರೌಢಶಾಲೆಗಳಲ್ಲಿ ಜಾಥಾ, ಪ್ರತಿಜ್ಞಾವಿಧಿ, ಕಪ್ಪಿಟ್ಟ ಶ್ವಾಸಕೋಶದ ಚಿತ್ರ ಮತ್ತು ಅತಿಥಿಗಳ ಭಾಷಣ ತಪ್ಪುವುದಿಲ್ಲ. ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ಕಚೇರಿಯು ವಿಶ್ವ ಆರೋಗ್ಯ ಸಂಸ್ಥೆಯೊಡಗೂಡಿ 2018ರಲ್ಲಿ ಪರಿಷ್ಕರಿಸಿದ ಮಾನದಂಡಗಳ ಪ್ರಕಾರ, ಹೆದರಿಸುವ ಉಪನ್ಯಾಸವಾಗಲಿ, ವ್ಯಸನದಿಂದ ಹೊರಬಂದವರನ್ನು ವೇದಿಕೆಗೆ ಕರೆದು ಅವರ ಕತೆ ಹೇಳಿಸುವುದಾಗಲಿ ಶಾಲೆಗಳಲ್ಲಿ ಫಲ ಕೊಡುವುದಿಲ್ಲ, ಕೆಲವೊಮ್ಮೆ ತಿರುಗುಬಾಣವೂ ಆಗುತ್ತದೆ. ಆದ್ದರಿಂದ ಶಿಕ್ಷಕರಿಗೆ, ಆಶಾ ಕಾರ್ಯಕರ್ತೆಯರಿಗೆ, ಸ್ವಯಂಸೇವಾ ಸಂಸ್ಥೆಯವರಿಗೆ ತರಬೇತಿ ಏರ್ಪಡಿಸುವವರು ಮೊದಲ ದಿನವನ್ನು ಈ ಭಾಷಣದ ಚಟ ಬಿಡಿಸಲೆಂದೇ ಮೀಸಲಿಡುವುದು ಒಳ್ಳೆಯದು.

ಆ ಮೇಲೆ ಊರನ್ನು ಓದಲು ಕಲಿಸಿ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮೂಸಿ ಅಮಲೇರಿಸಿಕೊಳ್ಳುವ ವಸ್ತುಗಳ ಬಳಕೆ ವಯಸ್ಕರಲ್ಲಿ ಶೇ. 0.58 ಇದ್ದರೆ, ಮಕ್ಕಳು ಮತ್ತು ಹದಿಹರೆಯದವರಲ್ಲಿ ಶೇ. 1.17 ಇತ್ತು. ಇದರರ್ಥ, ಅಪಾಯವು ದೂರದ ಡ್ರಗ್ಸ್ ಜಾಲದಲ್ಲಿ ಮಾತ್ರವಲ್ಲ, ಪಂಕ್ಚರ್ ಅಂಗಡಿಯ ಸೊಲ್ಯೂಷನ್ ಟ್ಯೂಬಿನಲ್ಲೂ ಇದೆ. ಶಿಬಿರಾರ್ಥಿಗಳನ್ನು ಇಬ್ಬಿಬ್ಬರಂತೆ ಶಾಲೆಯ ಸುತ್ತ ನಡೆಸಿ, ಬೀಡಿ ಅಂಗಡಿ, ಬಾರ್, ಪಾಳುಕಟ್ಟಡಗಳ ಜೊತೆಗೆ ಆಟದ ಮೈದಾನ, ಗ್ರಂಥಾಲಯ, ಮಕ್ಕಳ ಮಾತಿಗೆ ಕಿವಿಗೊಡುವ ಹಿರಿಯರ ಮನೆಗಳನ್ನೂ ನಕ್ಷೆಯಲ್ಲಿ ಗುರುತಿಸಲು ಹೇಳಿ. ಈ ಎರಡನೆಯ ಪಟ್ಟಿಯನ್ನು ಬಹುತೇಕರು ಮರೆಯುತ್ತಾರೆ, ನಿಜವಾದ ತಡೆಗೋಡೆ ಇರುವುದು ಅದರಲ್ಲೇ.

ತರಬೇತಿಯ ಅರ್ಧದಷ್ಟು ಸಮಯವಾದರೂ ಪಾತ್ರಾಭಿನಯಕ್ಕೆ ಸಿಗಬೇಕು. ಒಬ್ಬರು ಎಂಟನೇ ತರಗತಿಯ ಹುಡುಗಿಯಾಗಿ, ಎಲ್ಲರೂ ಹೋದ ಮೇಲೆ ಹತ್ತಿರ ಬಂದು, “ಮಿಸ್, ನಮ್ಮಪ್ಪ ದಿನಾ ಕುಡ್ದು ಬರ್ತಾರೆ” ಎನ್ನಲಿ. ಹೊಸಬರ ಬಾಯಲ್ಲಿ ಸಾಮಾನ್ಯವಾಗಿ ಬರುವ ಉತ್ತರ “ಅಪ್ಪನಿಗೆ ಬುದ್ಧಿ ಹೇಳಮ್ಮ”. ಅಲ್ಲಿಗೇ ನಿಲ್ಲಿಸಿ, ಮಗುವಿನ ತಲೆಯ ಮೇಲೆ ಎಷ್ಟು ಭಾರ ಹೇರಿದಂತಾಯಿತು ಎಂದು ಗುಂಪನ್ನೇ ಕೇಳಿ. ಎರಡನೇ ಸಲ ಅದೇ ಶಿಬಿರಾರ್ಥಿ, “ಹೇಳಿದ್ದು ಒಳ್ಳೇದಾಯ್ತು, ಇದು ನಿನ್ನ ತಪ್ಪಲ್ಲ. ಅಂಥ ರಾತ್ರಿ ನೀನು ಎಲ್ಲಿರ್ತೀಯ?” ಎಂದು ಕೇಳಿ ಸುಮ್ಮನಿರಲಿ. ಆ ಮೌನವನ್ನು ತಡೆದುಕೊಳ್ಳಲು ಕಲಿಯುವುದೇ ಕಷ್ಟದ ಕೆಲಸ. ‘ಕುಡುಕ’ ಎಂಬ ಪದ ಬಿಟ್ಟು ‘ಕುಡಿತದ ತೊಂದರೆ ಇರುವವರು’ ಎನ್ನುವ ರೂಢಿಯೂ ಇಂಥ ಅಭ್ಯಾಸದಲ್ಲೇ ನಾಲಿಗೆಗೆ ಹತ್ತುತ್ತದೆ. ಮಗುವಿಗೆ ಹಿಂಸೆಯಾಗುತ್ತಿದ್ದರೆ ಅದನ್ನು ಗುಟ್ಟಾಗಿಡುವ ಭರವಸೆ ಕೊಡದೆ, ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬೇಕು.

ವಯಸ್ಕರೊಡನೆ ಕೆಲಸ ಮಾಡುವವರಿಗೆ ಕುಡಿತ ಎಷ್ಟರಮಟ್ಟಿಗೆ ಅಪಾಯಕಾರಿಯಾಗಿದೆ ಎಂದು ಅಳೆಯುವ, ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ಆಡಿಟ್ (AUDIT) ಪ್ರಶ್ನಾವಳಿಯನ್ನು ಕಲಿಸಿ. ಇದರ ಜೊತೆಗೆ ಒಂದು ಎಚ್ಚರಿಕೆಯನ್ನು ಮನದಟ್ಟು ಮಾಡಿಸಲೇಬೇಕು: ವರ್ಷಗಟ್ಟಲೆ ದಿನವೂ ವಿಪರೀತ ಕುಡಿಯುತ್ತಿದ್ದವರಿಗೆ “ಇವತ್ತೇ ಬಿಟ್ಟುಬಿಡಿ” ಎನ್ನುವುದು ಅಪಾಯಕಾರಿ, ಏಕೆಂದರೆ ಕುಡಿತ ಹಠಾತ್ತನೆ ನಿಂತ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಆ ಮೇಲೆ ಭ್ರಮೆ, ನಡುಕ, ಗೊಂದಲ ಕಾಣಿಸಿಕೊಂಡು ಜೀವಕ್ಕೇ ಕುತ್ತಾಗಬಹುದು. ಅಂಥವರನ್ನು ವೈದ್ಯರ ಬಳಿಗೆ ಕಳುಹಿಸುವುದಷ್ಟೇ ಕಾರ್ಯಕರ್ತರ ಪಾಲಿನ ಕೆಲಸ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಮತ್ತು ವ್ಯಸನಮುಕ್ತಿ ಸಹಾಯವಾಣಿ 14446 ಅವರ ಜೇಬಿನಲ್ಲಿರಲಿ.

ಕಾನೂನಿಗೆ ಒಂದು ಗಂಟೆ ಸಾಕು. ಮಕ್ಕಳಿಗೆ ಮದ್ಯ, ತಂಬಾಕು ಅಥವಾ ಮಾದಕವಸ್ತು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಏಳು ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ. ತಂಬಾಕು ಮಾರಾಟದ ವಯೋಮಿತಿ ಕರ್ನಾಟಕದಲ್ಲಿ ಈಗ 21 ಆಗಿರುವುದರಿಂದ, 18 ಎಂದು ಅಚ್ಚಾದ ಹಳೆಯ ಕರಪತ್ರಗಳನ್ನು ಹಂಚಬೇಡಿ.

ತರಬೇತುದಾರರು ಬೇಕಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರವನ್ನು ಸಂಪರ್ಕಿಸಬಹುದು. ಏಷ್ಯಾ-ಪೆಸಿಫಿಕ್ ದೇಶಗಳ ಸಹಕಾರ ಸಂಸ್ಥೆಯಾದ ಕೊಲಂಬೊ ಪ್ಲಾನ್‌ನ ವ್ಯಸನ ತಡೆ ಪಠ್ಯಕ್ರಮವೂ ಆಧಾರಕ್ಕೆ ಯೋಗ್ಯ, ಆದರೆ ಅದರ ಉದಾಹರಣೆಗಳನ್ನು ನಮ್ಮ ಹಳ್ಳಿ, ಕಾಲೊನಿಗಳಿಗೆ ಹೊಂದಿಸಿಕೊಳ್ಳದೆ ಹಾಗೆಯೇ ಓದಿ ಹೇಳಿದರೆ ಶಿಬಿರಾರ್ಥಿಗಳು ಆಕಳಿಸುತ್ತಾರೆ. ಪ್ರಮಾಣಪತ್ರವನ್ನು ಶಿಬಿರದ ಕೊನೆಯ ದಿನವೇ ಕೊಡಬೇಡಿ. ಮೂರು ತಿಂಗಳ ನಂತರ ಕಾರ್ಯಕರ್ತರು ನಡೆಸುವ ಒಂದು ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು, ಅವರು ಎಷ್ಟು ನಿಮಿಷ ಮಾತಾಡಿದರು, ಮಕ್ಕಳು ಎಷ್ಟು ನಿಮಿಷ ಮಾತಾಡಿದರು ಎಂದು ಗುರುತು ಹಾಕಿಕೊಂಡು, ಅದನ್ನು ಅವರೊಡನೆ ಕುಳಿತು ಚರ್ಚಿಸಿದ ಮೇಲೆ ಕೊಡಿ.