ನೀರೊಳಗೆ ಬೆವರಿದವನನ್ನು ಕೊರೆದ ಬಗೆ

ನಮ್ಮ ಮಾಧ್ವ ಮನೆಯಲ್ಲಿ ದುರ್ಯೋಧನ ಅಂದರೆ ಸಾಕ್ಷಾತ್ ಕಲಿ, ಅಂದರೆ ಕಲಿಯುಗದ ದುಷ್ಟ ಕಲಿಪುರುಷ. ಭೀಮ ವಾಯುದೇವರ ಅವತಾರ. ಉಡುಪಿ ಬಿಟ್ಟು ಮುಂಬೈ ಬಳಿಯ ಡೊಂಬಿವಲಿಗೆ ಬಂದರೂ ಈ ವಿಷಯದಲ್ಲಿ ಎರಡು ಮಾತಿರಲಿಲ್ಲ. ಆಮೇಲೆ ರನ್ನನ ‘ಗದಾಯುದ್ಧ’ ಓದಿದೆ. ಸುಮಾರು 1000 ವರ್ಷ ಹಳೆಯ ಕಾವ್ಯ. ಅದರಲ್ಲಿ ದುರ್ಯೋಧನ ಹೆಣಗಳ ನಡುವೆ ದಾರಿ ಮಾಡಿಕೊಂಡು ಬರುತ್ತಾನೆ. ತಮ್ಮ, ಮಗ, ಕರ್ಣ, ಒಬ್ಬೊಬ್ಬರ ಹೆಣ ಕಂಡಾಗಲೂ ಗೋಳಾಡುತ್ತಾನೆ. ಕೊನೆಗೆ ವೈಶಂಪಾಯನ ಸರೋವರದಲ್ಲಿ ಅಡಗುತ್ತಾನೆ. ದಡದಲ್ಲಿ ಭೀಮ ಅಬ್ಬರಿಸಿದಾಗ ನೀರೊಳಗಿದ್ದೂ ಬೆವರುತ್ತಾನೆ. ನನಗೆ ಕನಿಕರ ಬಂತು. ಕಲಿಯ ಮೇಲೆ ಕನಿಕರ! ಅದು ನನ್ನನ್ನು ಸುಮ್ನೆ ಬಿಡಲಿಲ್ಲ.

ಎಚ್ಚಿಂಗ್‌ಗೆ, ಅಂದರೆ ಆಸಿಡ್‌ನಿಂದ ತಗಡು ಕೊರೆದು ಚಿತ್ರ ಅಚ್ಚೊತ್ತುವುದಕ್ಕೆ, ಸತುವಿನ ತಗಡು ತೆಗೆದುಕೊಂಡೆ. ಅದಕ್ಕೆ ಆಸಿಡ್ ತಡೆಯುವ ಮೇಣದ ಲೇಪ ಹಚ್ಚಿ, ನೀರೊಳಗಿನ ದುರ್ಯೋಧನನನ್ನು ಸೂಜಿಯಿಂದ ಗೀರಿದೆ. ನಂತರ ನೀರು ಬೆರೆಸಿದ ನೈಟ್ರಿಕ್ ಆಸಿಡ್‌ನಲ್ಲಿ ಮುಳುಗಿಸಿದೆ. ಆಸಿಡ್ ಸತುವನ್ನು ತಿನ್ನುವಾಗ ಗೆರೆಗಳ ಮೇಲೆಲ್ಲ ಗುಳ್ಳೆ ಕಟ್ಟುತ್ತದೆ. ಅದನ್ನು ಹಕ್ಕಿಯ ಗರಿಯಿಂದ ಸರಿಸುತ್ತಿರಬೇಕು, ಇಲ್ಲದಿದ್ದರೆ ಗೆರೆ ಸಮನಾಗಿ ಇಳಿಯುವುದಿಲ್ಲ. ಅವನ ಬಾಯಿಯ ಸುತ್ತ ಗುಳ್ಳೆ ಏಳುತ್ತಿತ್ತು. ಗರಿ ಹಿಡಿದ ನನ್ನ ಕೈ ಅಲ್ಲೇ ನಿಂತುಬಿಟ್ಟಿತು.

ನೀರಲ್ಲಿ ಬೆವರನ್ನು ತೋರಿಸುವುದು ಹೇಗೆ? ಹಣೆ, ಕತ್ತಿನ ಮೇಲೆ ಕೂದಲಿನಷ್ಟು ತೆಳುವಾದ ಬ್ರಷ್‌ನಿಂದ, ಆಸಿಡ್ ತಾಗದಂತೆ, ವಾರ್ನಿಶ್ ಚುಕ್ಕೆ ಇಟ್ಟೆ. ಅದರ ಮೇಲೆ ರಾಳದ ಪುಡಿ ಉದುರಿಸಿ, ಕೆಳಗಿನಿಂದ ಕಾಯಿಸಿ, ಗೆರೆಯ ಬದಲು ಛಾಯೆ ಕೊಡುವ ಅಕ್ವಾಟಿಂಟ್ ಮಾಡಿದೆ. ಸುತ್ತಲೂ ಕಪ್ಪು ನೀರು, ಚುಕ್ಕೆಗಳಷ್ಟೇ ಬಿಳಿ. ಹನಿಗಳು ಇಳಿಯುತ್ತಿಲ್ಲ, ಮೈಗೆ ಅಂಟಿಕೊಂಡಿವೆ. ನನಗೆ ಬೇಕಿದ್ದ ದಿಗಿಲು ಅದೇ.

ಇನ್ನು ತೋಳು. ಪ್ರಥಮೈಕಾದಶಿಗೆ ಅಪ್ಪ ಮಠಕ್ಕೆ ಕರೆದೊಯ್ಯುತ್ತಿದ್ದರು. ಹೋಮದ ಬೆಂಕಿಯಲ್ಲಿ ಕಾಯಿಸಿದ ಮುದ್ರೆ, ಬಲತೋಳಿಗೆ ಚಕ್ರ, ಎಡತೋಳಿಗೆ ಶಂಖ. ಅದೇ ಮುದ್ರೆಯನ್ನು ದುರ್ಯೋಧನನಿಗೂ ಒತ್ತಿದೆ. ತಗಡಿನ ಮೇಲೆ ಬರೆದದ್ದು ಕಾಗದದಲ್ಲಿ ಎಡಬಲ ಅದಲುಬದಲಾಗುತ್ತದೆ. ಗೊತ್ತಿದ್ದೇ ಶಾಸ್ತ್ರದ ಪ್ರಕಾರ ಬರೆದೆ. ಹಾಗಾಗಿ ಪ್ರಿಂಟಿನಲ್ಲಿ ಅವನ ಬಲತೋಳಲ್ಲಿ ಶಂಖ, ಎಡತೋಳಲ್ಲಿ ಚಕ್ರ. ಎಲ್ಲಕ್ಕಿಂತ ಜಾಸ್ತಿ ಹೊತ್ತು ಆಸಿಡ್ ತಿಂದದ್ದು ಆ ಮುದ್ರೆಗಳೇ. ಕಾಗದದ ಮೇಲೆ ಬೆರಳಾಡಿಸಿದರೆ ಅಲ್ಲಿ ಶಾಯಿ ಉಬ್ಬಿರುವುದು ಗೊತ್ತಾಗುತ್ತದೆ.

ಮುಂಬೈ ಮಳೆಗಾಲದಲ್ಲಿ ನೆನೆಸಿಟ್ಟ ಕಾಗದಕ್ಕೆ ಬೇಗ ಬೂಷ್ಟು ಬರುತ್ತದೆ. ಅಂದು ನೆನೆಸಿದ್ದನ್ನು ಅಂದೇ ಪ್ರೆಸ್‌ಗೆ ಹಾಕಿದೆ.

ಪ್ರಿಂಟ್ ನೋಡಿದ ತಕ್ಷಣ ಮುದ್ರೆ ಅದಲುಬದಲಾದದ್ದು ಅಪ್ಪನ ಕಣ್ಣಿಗೆ ಬಿತ್ತು. "ಕಲಿಗೆ ಮುದ್ರೆ ಯಾಕೆ?" ಅಂದರು. "ಅವನೂ ಅಷ್ಟು ಬೆಂದವನಲ್ವಾ?" ಅಂದೆ. ಅವರು ಒಪ್ಪಲಿಲ್ಲ, ನಾನೂ ಬಿಡಲಿಲ್ಲ. ಈಗ ಎರಡನೇ ತಗಡಿಗೆ ಲೇಪ ಹಚ್ಚಿದ್ದೇನೆ. ಅದರಲ್ಲಿ ಅವನು ಕರ್ಣನ ಹೆಣದ ಮುಂದೆ ನಿಂತಿರುತ್ತಾನೆ.