ಟೆಕ್ಸಸ್‌ಗೆ ಹೊಸದಾಗಿ ಬಂದವರಿಗೆ: ಹೊರಗಡೆ ಊಟ, ಬಿಲ್ಲು, ಟಿಪ್ಸ್

ಡಲ್ಲಾಸ್ ಕಡೆ, ಅಂದ್ರೆ ಪ್ಲೇನೋ, ಫ್ರಿಸ್ಕೋ, ಅರ್ವಿಂಗ್ ಸುತ್ತಮುತ್ತ ಹೊಸದಾಗಿ ಬಂದ ಫ್ಯಾಮಿಲಿಗಳು ಮನೆ, ಸ್ಕೂಲು, ಡ್ರೈವಿಂಗ್ ಲೈಸೆನ್ಸ್ ವಿಷಯ ಮುಗಿದ ಮೇಲೆ ನಮ್ಮ ಸಂಘದವರನ್ನ ಕೇಳೋದು ಇದನ್ನೇ, ಹೊರಗಡೆ ಊಟಕ್ಕೆ ಹೋದ್ರೆ ಟಿಪ್ಸ್ ಎಷ್ಟು ಕೊಡ್ಬೇಕು, ಕೊಡ್ಲೇಬೇಕಾ ಅಂತ.

ಟೇಬಲ್ ಹತ್ರ ಬಂದು ಆರ್ಡರ್ ತಗೊಂಡು ಬಡಿಸೋ ಜಾಗ ಆದ್ರೆ ದಯವಿಟ್ಟು ಕೊಡಿ. ಕಾನೂನಲ್ಲಿ ಕಡ್ಡಾಯ ಏನಿಲ್ಲ. ಊರಲ್ಲಿ ಬಿಲ್ ಜೊತೆ ಬರೋ ಸೋಂಪಿನ ತಟ್ಟೇಲಿ ಹತ್ತೋ ಇಪ್ಪತ್ತೋ ರೂಪಾಯಿ ಬಿಟ್ಟು ಬರ್ತೀವಿ, ಅದು ನಮ್ಮ ಖುಷಿಗೆ, ದರ್ಶಿನೀಲಂತೂ ಅದೂ ಇಲ್ಲ. ಇಲ್ಲಿ ಅದು ಅವ್ರ ಸಂಬಳದ ದೊಡ್ಡ ಭಾಗ. ಫೆಡರಲ್ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್, 2009ರಿಂದ ಅಷ್ಟೇ ಇದೆ, ಆದ್ರೆ ಟಿಪ್ಸ್ ಸಿಗೋ ಕೆಲಸ ಆದ್ರೆ ಮಾಲೀಕರು ಕೈಯಿಂದ 2.13 ಡಾಲರ್ ಕೊಟ್ರೆ ಸಾಕು, ಅದು 1991ರಿಂದ ಬದಲಾಗಿಲ್ಲ, ಟೆಕ್ಸಸ್‌ನಲ್ಲಿ ನಡೀತಿರೋದೂ ಇದೇ ರೇಟು. ಟಿಪ್ಸ್ ಸೇರಿಸಿದ್ರೂ 7.25 ಮುಟ್ಟದೇ ಇದ್ರೆ ಉಳಿದಿದ್ದನ್ನ ಮಾಲೀಕರು ತುಂಬಿಕೊಡ್ಬೇಕು, ಆದ್ರೆ ಅಷ್ಟರಲ್ಲಿ ಈ ಊರಿನ ಬಾಡಿಗೆ ಕಟ್ಟಿ ಸಂಸಾರ ನಡೆಸೋದು ಹೇಗೆ ನೀವೇ ಯೋಚ್ನೆ ಮಾಡಿ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ, ಎಷ್ಟೋ ಕಡೆ ಸರ್ವರ್ ತಮ್ಮ ಸೇಲ್ಸ್‌ನಲ್ಲಿ ಇಂತಿಷ್ಟು ಪರ್ಸೆಂಟ್ ಅಂತ ಟೇಬಲ್ ಒರೆಸೋರಿಗೆ, ಬಾರ್‌ನವರಿಗೆ ಹಂಚಬೇಕಾಗತ್ತೆ. ಅಂಥ ಕಡೆ ನೀವು ಏನೂ ಕೊಡದೇ ಎದ್ದುಬಂದ್ರೆ ನಿಮ್ಮ ಟೇಬಲ್ ಲೆಕ್ಕದ ಪಾಲು ಅವ್ರ ಬೇರೆ ಟಿಪ್ಸ್‌ನಿಂದ ಹೋಗತ್ತೆ.

ಎಷ್ಟು ಅಂದ್ರೆ, 18ರಿಂದ 20 ಪರ್ಸೆಂಟ್ ಈಗ ಮಾಮೂಲಿ, 15 ಅಂದ್ರೆ ಕಮ್ಮಿ ಕಡೆಗೆ. ಟ್ಯಾಕ್ಸ್ ಸೇರಿಸೋ ಮುಂಚಿನ ಮೊತ್ತದ ಮೇಲೆ ಲೆಕ್ಕ ಹಾಕಿದ್ರೆ ಸಾಕು. ನಮ್ಮ ಕಡೆ ಸೇಲ್ಸ್ ಟ್ಯಾಕ್ಸ್ 8.25 ಪರ್ಸೆಂಟ್, ಹಾಗಾಗಿ ಬಿಲ್‌ನಲ್ಲಿರೋ ಟ್ಯಾಕ್ಸ್‌ನ ಡಬಲ್ ಮಾಡಿ ಮೇಲೆ ಒಂದೆರಡು ಡಾಲರ್ ಸೇರಿಸಿದ್ರೆ ಸಾಮಾನ್ಯ ಬಿಲ್‌ಗೆ ಸರಿಹೋಗತ್ತೆ. ನಾಲ್ಕು ಜನದ ಊಟ 60 ಡಾಲರ್ ಆಯ್ತು ಅನ್ಕೊಳಿ, ಟ್ಯಾಕ್ಸ್ 4.95, 18 ಪರ್ಸೆಂಟ್ ಟಿಪ್ಸ್ 10.80, ಒಟ್ಟು 75.75. ಅಂದ್ರೆ ಮೆನುವಲ್ಲಿರೋ ರೇಟಿನ ಮೇಲೆ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತೀನೇ ಹೋಗತ್ತೆ ಅಂತ ಒಳಗೆ ಹೋಗೋಕೆ ಮುಂಚೆನೇ ಲೆಕ್ಕ ಇಟ್ಕೊಳಿ, ಬಜೆಟ್‌ಗೆ ಬರಲ್ಲ ಅಂದ್ರೆ ಆ ದಿನ ಕೌಂಟರಲ್ಲಿ ತಗೊಳೋ ಜಾಗಕ್ಕೆ ಹೋಗಿ, ಸರ್ವರ್ ಹೊಟ್ಟೆ ಮೇಲೆ ಮಾತ್ರ ಹೊಡೀಬೇಡಿ. ಕೂಪನ್ ಇದ್ರೆ ಡಿಸ್ಕೌಂಟ್‌ಗೆ ಮುಂಚಿನ ರೇಟಿನ ಮೇಲೆ ಟಿಪ್ಸ್ ಕೊಡೋದು ನ್ಯಾಯ, ಬಡಿಸೋ ಕೆಲಸ ಏನೂ ಕಮ್ಮಿ ಆಗಿರಲ್ವಲ್ಲ.

ಕೌಂಟರಲ್ಲಿ ಆರ್ಡರ್ ಮಾಡಿ ನಾವೇ ತಟ್ಟೆ ಎತ್ಕೊಂಡು ಬರೋ ಕಡೆ, ಕಾಫಿ ಅಂಗಡೀಲಿ, ಪಾರ್ಸೆಲ್ ತಗೊಂಡಾಗ ಸ್ಕ್ರೀನ್ ತಿರುಗಿಸಿ 18, 20, 25 ಅಂತ ತೋರಿಸ್ತಾರೆ, ಹಿಂದೆ ಕ್ಯೂ ಇರತ್ತೆ, ಗಾಬರೀಲಿ 25 ಒತ್ತಿಬಿಡ್ಬೇಡಿ. ಅಲ್ಲಿ ನೋ ಟಿಪ್ ಒತ್ತೋದು ತಪ್ಪಲ್ಲ, ಮನಸ್ಸಿದ್ರೆ ಒಂದು ಡಾಲರ್ ಹಾಕಿ. ಬಫೆಗೆ 10 ಪರ್ಸೆಂಟ್ ಸುಮಾರು. ಮನೆಗೆ ತಂದುಕೊಡೋರಿಗೆ ಮಾತ್ರ ಮರೀಬೇಡಿ, ಅದರಲ್ಲೂ ಮಳೆ ಗಾಳೀಲಿ ಬಂದಿದ್ರೆ.

ಪೇಮೆಂಟ್ ಮಾಡೋ ರೀತಿ ಮೊದಮೊದಲು ವಿಚಿತ್ರ ಅನ್ಸತ್ತೆ. ಊರಲ್ಲಿ ಕಾರ್ಡ್ ಕಣ್ಣಿಂದ ಮರೆ ಆಗೋಕೆ ಬಿಡಲ್ಲ, ಓಟಿಪಿ, ಪಿನ್ ಎಲ್ಲಾ ಇರತ್ತೆ. ಇಲ್ಲಿ ಎಷ್ಟೋ ಕಡೆ ಚಿಕ್ಕ ಕರಿ ಫೋಲ್ಡರಲ್ಲಿ ಬಿಲ್ ಇಟ್ಟು ಹೋಗ್ತಾರೆ, ನೀವು ಕಾರ್ಡ್ ಇಟ್ರೆ ಒಳಗೆ ತಗೊಂಡು ಹೋಗಿ ಸ್ವೈಪ್ ಮಾಡಿ ಎರಡು ಚೀಟಿ ತರ್ತಾರೆ, ಹೆದರಬೇಡಿ, ಇದು ಇಲ್ಲಿ ಮಾಮೂಲಿ. ಮರ್ಚೆಂಟ್ ಕಾಪಿ ಅಂತ ಇರೋದ್ರಲ್ಲಿ ಟಿಪ್ಸ್ ಬರೆದು, ನೀವೇ ಕೂಡಿ ಟೋಟಲ್ ಬರೆದು ಸೈನ್ ಮಾಡಿ ಅಲ್ಲೇ ಬಿಡಿ, ಇನ್ನೊಂದು ನಿಮಗೆ. ಬರೆಯೋಕೆ ಮುಂಚೆ ಬಿಲ್ ಪೂರ್ತಿ ಓದಿ, ಆರು ಅಥವಾ ಎಂಟು ಜನಕ್ಕಿಂತ ಜಾಸ್ತಿ ಹೋದ್ರೆ ತುಂಬಾ ಕಡೆ ಗ್ರಾಚುಯಿಟಿ (ಅಂದ್ರೆ ಟಿಪ್ಸೇ) ಅಂತ 18 ಅಥವಾ 20 ಪರ್ಸೆಂಟ್ ಅವ್ರೇ ಸೇರಿಸಿರ್ತಾರೆ, ಅದರ ಕೆಳಗೂ ಟಿಪ್ಸ್ ಗೆರೆ ಖಾಲಿ ಇರತ್ತೆ, ಅಲ್ಲಿ ಮತ್ತೆ ತುಂಬೋ ಅಗತ್ಯ ಇಲ್ಲ.

ನಮ್ಮವರು ನಾಲ್ಕೈದು ಫ್ಯಾಮಿಲಿ ಒಟ್ಟಿಗೆ ಹೋದಾಗ ಬಿಲ್‌ಗೆ ಕಿತ್ತಾಡೋದು ಪ್ರೀತಿಗೇ, ಆದ್ರೆ ಹೊಸದಾಗಿ ಬಂದವರ ಕೈ ಬಿಗಿ ಇರತ್ತೆ, ಹಳಬರು ಇದನ್ನ ಗಮನದಲ್ಲಿ ಇಟ್ಕೊಳಿ. ಬೇರೆ ಬೇರೆ ಬಿಲ್ ಬೇಕಂದ್ರೆ ಆರ್ಡರ್ ಕೊಡುವಾಗಲೇ ಹೇಳ್ಬೇಕು. ಒಬ್ರು ಕಾರ್ಡ್ ಕೊಟ್ಟು ಉಳಿದವರು ಆಮೇಲೆ ಜೆಲ್ (ಬ್ಯಾಂಕ್ ಆ್ಯಪಿಂದ ದುಡ್ಡು ಕಳಿಸೋ ವ್ಯವಸ್ಥೆ) ಮಾಡೋದಾದ್ರೆ ಟ್ಯಾಕ್ಸ್, ಟಿಪ್ಸ್ ಎರಡೂ ಸೇರಿಸಿ ಕಳಿಸಿ, ಬರೀ ದೋಸೆ ರೇಟ್ ಕಳಿಸಿದ್ರೆ ಉಳಿದಿದ್ದೆಲ್ಲಾ ಕಾರ್ಡ್ ಕೊಟ್ಟವರ ತಲೆ ಮೇಲೆ ಬೀಳತ್ತೆ.

ಊರಿಂದ ಅಪ್ಪ ಅಮ್ಮ ಬಂದಿದ್ದಾಗ ಅವ್ರ ಕಣ್ಣು ಟಿಪ್ಸ್ ಗೆರೆ ಮೇಲೇ ಇರತ್ತೆ, ಹನ್ನೆರಡು ಡಾಲರ್ ಅಂದ್ರೆ ಸಾವಿರ ರೂಪಾಯಿ ಆಯ್ತಲ್ಲೋ ಅಂತ ಸಂಕಟ ಪಡ್ತಾರೆ. ಅವ್ರಿಗೆ ಆ 2.13ರ ಲೆಕ್ಕ ಬಿಡಿಸಿ ಹೇಳಿ, ಕಷ್ಟಪಟ್ಟು ಮಕ್ಕಳನ್ನ ಸಾಕಿದವರು, ದುಡಿಯೋರ ಕೂಲಿ ವಿಷಯ ಅಂದ್ರೆ ಬೇಗ ಅರ್ಥ ಮಾಡ್ಕೋತಾರೆ.

ಊಟ ಲೇಟಾಗಿ ಬಂತು, ತಣ್ಣಗಿತ್ತು ಅಂತ ಟಿಪ್ಸ್ ಸೊನ್ನೆ ಮಾಡ್ಬೇಡಿ, ಅದು ಅಡುಗೆಮನೆ ತಪ್ಪಿರಬಹುದು. ಮ್ಯಾನೇಜರ್ ಕರೆದು ಮರ್ಯಾದೆಯಿಂದ ಹೇಳಿ, ಸಾಮಾನ್ಯವಾಗಿ ಬದಲಾಯಿಸಿ ಕೊಡ್ತಾರೆ.

ಕಾರ್ಡ್ ಆ್ಯಪಲ್ಲಿ ಮೊದಲು ಟಿಪ್ಸ್ ಇಲ್ಲದ ಮೊತ್ತ ಪೆಂಡಿಂಗ್ ಅಂತ ತೋರಿಸತ್ತೆ, ಒಂದೆರಡು ದಿನ ಬಿಟ್ಟು ಟಿಪ್ಸ್ ಸೇರಿ ಜಾಸ್ತಿ ಆಗತ್ತೆ, ಮೋಸ ಅಲ್ಲ. ಅಲ್ಲಿವರೆಗೂ ನಿಮ್ಮ ಚೀಟಿ ಇಟ್ಕೊಳಿ, ನೀವು ಬರೆದ ಟೋಟಲ್‌ಗೆ ತಾಳೆ ಆಗ್ಲಿಲ್ಲ ಅಂದ್ರೆ ರೆಸ್ಟೋರೆಂಟ್‌ಗೆ ಫೋನ್ ಮಾಡಿ, ಆಗಲ್ಲ ಅಂದ್ರೆ ಬ್ಯಾಂಕಿಗೆ ಹೇಳಿ.